ಮಕ್ಕಳ ಮನೆಗೆ ಹೊರಟ ಅಪ್ಪ-ಅಮ್ಮಂದಿರಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ಅಪ್ಪ-ಅಮ್ಮಂದಿರೆ,

ಮಗಳ ಬಾಣಂತನಕ್ಕೋ, ಮಗನ ಹೊಸ ಮನೆಯ ಗೃಹಪ್ರವೇಶಕ್ಕೋ, ಮೊಮ್ಮಕ್ಕಳ ಜೊತೆ ಒಂದಷ್ಟು ತಿಂಗಳು ಇದ್ದು ಬರುವುದಕ್ಕೋ ನೀವು ಅಮೆರಿಕಕ್ಕೆ ಹೊರಟಿದ್ದೀರಿ. ವೀಸಾ ಆಯಿತು, ಟಿಕೆಟ್ ಆಯಿತು. ಈಗ ಮನೆಯಲ್ಲಿ ಲಗೇಜಿನದೇ ಮಾತು. ಹುರಿಹಿಟ್ಟು, ಸಾರಿನ ಪುಡಿ, ಮಾವಿನಕಾಯಿ ಉಪ್ಪಿನಕಾಯಿ, ಹಪ್ಪಳ, ಮಗಳಿಗೊಂದು ಸೀರೆ, ಅಳಿಯನಿಗೊಂದು ಪಂಚೆ. ಒಂದು ಬ್ಯಾಗಿಗೆ 23 ಕಿಲೋ ಎಂಬ ಮಿತಿಯೊಳಗೆ ಒಂದು ಮನೆಯನ್ನೇ ತುಂಬಿಸುವ ಪ್ರಯತ್ನ ನಡೆದಿದೆ.

ನಾನು ಶಿವಮೊಗ್ಗ ಜಿಲ್ಲೆಯವಳು. ಬಹಳ ವರ್ಷಗಳಿಂದ ಅಮೆರಿಕದ ನಡುಭಾಗದ ಒಂದು ಊರಿನಲ್ಲಿದ್ದೇನೆ. ಬೆಂಗಳೂರಿನಿಂದ ಇಲ್ಲಿಗೆ ನೇರ ವಿಮಾನವಿಲ್ಲ. ಯುರೋಪಿನಲ್ಲೋ ಕೊಲ್ಲಿಯಲ್ಲೋ ಒಮ್ಮೆ, ಅಮೆರಿಕದ ದೊಡ್ಡ ನಿಲ್ದಾಣವೊಂದರಲ್ಲಿ ಇನ್ನೊಮ್ಮೆ ವಿಮಾನ ಬದಲಿಸಿ ಬರಬೇಕು. ಇಲ್ಲಿನ ಕನ್ನಡ ಮನೆಗಳಿಗೆ ಊರಿನಿಂದ ಹಿರಿಯರು ಬಂದಾಗ, ಮಕ್ಕಳಿಗೆ ರಜೆ ಸಿಗದಿದ್ದರೆ ನಿಲ್ದಾಣಕ್ಕೆ ಹೋಗುವವರಲ್ಲಿ ನಾನೂ ಒಬ್ಬಳು. ಒಳನಾಡಿನ ವಿಮಾನಗಳ ಬ್ಯಾಗು ಬರುವ ಬೆಲ್ಟಿನ ತನಕ ಇಲ್ಲಿ ಕರೆದೊಯ್ಯಲು ಬಂದವರೂ ಹೋಗಬಹುದು. ಹಾಗಾಗಿ, ಎಲ್ಲರ ಬ್ಯಾಗೂ ಬಂದು ತಮ್ಮದು ಮಾತ್ರ ಬರದೆ ಬೆಲ್ಟು ನಿಂತುಬಿಟ್ಟಾಗ ಹಿರಿಯರ ಮುಖ ಹೇಗಾಗುತ್ತದೆ ಎಂಬುದನ್ನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ಈ ಪತ್ರ ಬರೆಯಲು ಅದೇ ಕಾರಣ.

ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಚೆಕ್‌ಇನ್ ಕೌಂಟರಿನಲ್ಲಿ ನಿಮ್ಮ ಕೈಯಿಂದ ತೆಗೆದುಕೊಂಡ ಬ್ಯಾಗನ್ನು ನಿಮ್ಮ ಕೈಗೇ ಒಪ್ಪಿಸುವುದು ವಿಮಾನ ಸಂಸ್ಥೆಯ ಹೊಣೆ. ಕಳೆದರೆ, ತಡವಾದರೆ, ಒಡೆದರೆ ಪರಿಹಾರ ಕೊಡಬೇಕಾದದ್ದು ಕಾನೂನಿನ ಮಾತು. ಆದರೆ ಕೇಳಿದವರಿಗೆ ಮಾತ್ರ, ಬರವಣಿಗೆಯಲ್ಲಿ ಕೇಳಿದವರಿಗೆ ಮಾತ್ರ, ಗಡುವಿನೊಳಗೆ ಕೇಳಿದವರಿಗೆ ಮಾತ್ರ ಅದು ದಕ್ಕುತ್ತದೆ. ನಮ್ಮ ಹಿರಿಯರು ಕೇಳುವುದಿಲ್ಲ. "ಹೋಗಲಿ ಬಿಡು, ನಾವು ಸುಖವಾಗಿ ಬಂದೆವಲ್ಲ" ಎಂದು ಖಾಲಿ ಕೈಯಲ್ಲಿ ಹೊರಗೆ ನಡೆದುಬಿಡುತ್ತಾರೆ. ದಯವಿಟ್ಟು ಹಾಗೆ ಬರಬೇಡಿ.

ಹೆದರಿಸಲೆಂದು ಬರೆಯುತ್ತಿಲ್ಲ. ವಿಮಾನ ನಿಲ್ದಾಣಗಳಿಗೆ ತಂತ್ರಜ್ಞಾನ ಒದಗಿಸುವ ಸೀಟಾ ಸಂಸ್ಥೆ ಬ್ಯಾಗುಗಳ ಲೆಕ್ಕವನ್ನು ಪ್ರತಿವರ್ಷ ಪ್ರಕಟಿಸುತ್ತದೆ. ತಡವಾದದ್ದು, ಒಡೆದದ್ದು, ಕಳೆದದ್ದು ಎಲ್ಲ ಸೇರಿ 2007ರಲ್ಲಿ ಸಾವಿರ ಪ್ರಯಾಣಿಕರಿಗೆ ಸುಮಾರು 19 ಬ್ಯಾಗುಗಳಿಗೆ ತೊಂದರೆಯಾಗುತ್ತಿತ್ತು. 2024ರ ಹೊತ್ತಿಗೆ ಅದು 6.3ಕ್ಕೆ ಇಳಿದಿದೆ. ಅವುಗಳಲ್ಲೂ ಬಹುಪಾಲು ತಡವಾಗಿಯಾದರೂ ಬಂದು ಸೇರುತ್ತವೆ. ಆದರೆ ಅದೇ ಲೆಕ್ಕದ ಇನ್ನೊಂದು ಸಂಗತಿ ನಿಮಗೆ ಮುಖ್ಯ. ಹೀಗೆ ತೊಂದರೆಯಾದ ಬ್ಯಾಗುಗಳಲ್ಲಿ ಶೇ 41ರಷ್ಟು ಒಂದು ವಿಮಾನದಿಂದ ಇನ್ನೊಂದಕ್ಕೆ ದಾಟಿಸುವಾಗ ತಪ್ಪಿದವು. ಎರಡು ಕಡೆ ವಿಮಾನ ಬದಲಿಸಿ ಬರುವ ನಿಮ್ಮ ಪ್ರಯಾಣದಲ್ಲಿ ಅಪಾಯ ಇರುವುದೂ ಅಲ್ಲೇ.

ನಡುವೆ ಒಂದೂಕಾಲು ಗಂಟೆ ಸಿಕ್ಕರೆ ನೀವು ಹೇಗೋ ಓಡಿ ಮುಂದಿನ ಗೇಟು ಮುಟ್ಟುತ್ತೀರಿ. ಬ್ಯಾಗಿನ ಕಥೆ ಬೇರೆ. ಅದು ದೊಡ್ಡ ಕಂಟೇನರಿನಿಂದ ಇಳಿಯಬೇಕು, ನೆಲಮಾಳಿಗೆಯ ಬೆಲ್ಟುಗಳ ಮೇಲೆ ಹಾದು ತಪಾಸಣೆ ಮುಗಿಸಬೇಕು, ಟ್ಯಾಗು ಓದಿಸಿಕೊಂಡು ಸರಿಯಾದ ಗಾಡಿ ಸೇರಬೇಕು, ಆ ಗಾಡಿ ಸರಿಯಾದ ವಿಮಾನದ ಹೊಟ್ಟೆ ತಲುಪಬೇಕು. ಮೊದಲ ವಿಮಾನ ಅರ್ಧ ಗಂಟೆ ತಡವಾದರೂ ಈ ಸರಪಳಿ ತುಂಡಾಗುತ್ತದೆ. ಆದ್ದರಿಂದ ಟಿಕೆಟ್ ತೆಗೆಯುವ ಮಕ್ಕಳಿಗೆ ನೀವೇ ಹೇಳಿ: ಐದು ಸಾವಿರ ರೂಪಾಯಿ ಉಳಿಸುವ ಆಸೆಗೆ ನಡುವಿನ ಹೊತ್ತು ಕಡಿಮೆ ಮಾಡಬೇಡಿ, ಯುರೋಪಿನಲ್ಲಾದರೆ ಮೂರು ಗಂಟೆಯಾದರೂ ಇರಲಿ. ಇಡೀ ದಾರಿ ಒಂದೇ ಪಿಎನ್‌ಆರ್ ಮೇಲೆ ಇರಲಿ. ಬೇರೆ ಬೇರೆ ಟಿಕೆಟ್ ತೆಗೆದರೆ ಬ್ಯಾಗು ಕೊನೆಯ ಊರಿನ ತನಕ ಹೋಗುತ್ತದೆಂಬ ಖಾತರಿಯಿಲ್ಲ, ಒಬ್ಬರ ತಡಕ್ಕೆ ಇನ್ನೊಬ್ಬರು ಹೊಣೆಯಾಗುವುದೂ ಇಲ್ಲ.

ಈಗ ಬ್ಯಾಗು ತುಂಬುವ ಮಾತು. ಔಷಧಿ ಕೈಚೀಲದಲ್ಲೇ ಇರಲಿ. ಬಿಪಿ, ಸಕ್ಕರೆ ಕಾಯಿಲೆ, ಥೈರಾಯ್ಡ್, ಯಾವುದರದೇ ಮಾತ್ರೆಯಾಗಲಿ, ಅಂಗಡಿಯಿಂದ ತಂದ ಪಟ್ಟಿಯಲ್ಲೇ, ವೈದ್ಯರ ಚೀಟಿಯ ಜೊತೆ ಇಟ್ಟುಕೊಳ್ಳಿ. ಇನ್ಸುಲಿನ್ ಹೆಪ್ಪುಗಟ್ಟಿದರೆ ಕೆಡುತ್ತದೆ, ಅದನ್ನಂತೂ ಚೆಕ್‌ಇನ್ ಬ್ಯಾಗಿಗೆ ಹಾಕಲೇಬಾರದು. ಇಲ್ಲಿ ವೈದ್ಯರ ಚೀಟಿಯಿಲ್ಲದೆ ಬಿಪಿ ಮಾತ್ರೆಯೂ ಸಿಗುವುದಿಲ್ಲ. ಬ್ಯಾಗು ತಡವಾದ ಮೊದಲ ರಾತ್ರಿಯೇ ಮನೆಯವರು ಮಾತ್ರೆಗಾಗಿ ಪರದಾಡುವುದನ್ನು ಕಂಡಿದ್ದೇನೆ. ಕನ್ನಡಕ, ಹಲ್ಲಿನ ಸೆಟ್ಟು, ಕಿವಿಯ ಯಂತ್ರದ ಬ್ಯಾಟರಿ, ಒಡವೆ, ಹಣ, ಕಾಗದಪತ್ರ ಎಲ್ಲವೂ ಕೈಯಲ್ಲೇ. ಚೆಕ್‌ಇನ್ ಬ್ಯಾಗಿನಲ್ಲಿಟ್ಟ ಒಡವೆಗೂ ಹಣಕ್ಕೂ ತಾವು ಹೊಣೆಯಲ್ಲ ಎಂದು ಹೆಚ್ಚಿನ ವಿಮಾನ ಸಂಸ್ಥೆಗಳ ಷರತ್ತಿನಲ್ಲೇ ಬರೆದಿರುತ್ತದೆ. ಒಂದು ಜೊತೆ ಬಟ್ಟೆ, ಒಂದು ಸ್ವೆಟರ್ ಕೂಡ ಕೈಚೀಲದಲ್ಲಿರಲಿ.

ಗಂಡನ ಬಟ್ಟೆಯೆಲ್ಲ ಒಂದರಲ್ಲಿ, ಹೆಂಡತಿಯದೆಲ್ಲ ಇನ್ನೊಂದರಲ್ಲಿ ಎಂದು ವಿಂಗಡಿಸಬೇಡಿ. ಇಬ್ಬರದನ್ನೂ ಎರಡರಲ್ಲೂ ಬೆರೆಸಿ. ಒಂದು ಬರದಿದ್ದರೂ ಇಬ್ಬರಿಗೂ ಉಡಲು ಇರುತ್ತದೆ. ಹಾಗೆ ಬೆರೆಸಿದ್ದರಿಂದ ಪರಿಹಾರಕ್ಕೆ ಕುತ್ತು ಬರುತ್ತದೆಂಬ ಅಂಜಿಕೆಯೂ ಬೇಡ. ಒಬ್ಬರ ಹೆಸರಿನಲ್ಲಿ ಚೆಕ್‌ಇನ್ ಆದ ಬ್ಯಾಗಿನಲ್ಲಿ ಇನ್ನೊಬ್ಬ ಪ್ರಯಾಣಿಕರ ವಸ್ತುಗಳಿದ್ದರೆ, ಅದನ್ನು ತೋರಿಸಿಕೊಟ್ಟಲ್ಲಿ ಅವರೂ ಪರಿಹಾರ ಕೇಳಬಹುದು ಎಂದು ಐರೋಪ್ಯ ಒಕ್ಕೂಟದ ನ್ಯಾಯಾಲಯ 2012ರಲ್ಲೇ ತೀರ್ಪು ಕೊಟ್ಟಿದೆ.

ಬ್ಯಾಗು ಬೆಂಗಳೂರಿನಲ್ಲೇ ಉಳಿದುಬಿಡಲು ಕೆಲವೊಮ್ಮೆ ಒಳಗಿರುವ ಸಾಮಾನೇ ಕಾರಣವಾಗುತ್ತದೆ. ಪವರ್ ಬ್ಯಾಂಕ್ ಚೆಕ್‌ಇನ್ ಬ್ಯಾಗಿನಲ್ಲಿ ಇರುವಂತಿಲ್ಲ. ನಮ್ಮ ಅಡುಗೆಯ ಒಣಕೊಬ್ಬರಿಯೂ ಅಷ್ಟೆ. ಎಣ್ಣೆಯಂಶ ಹೆಚ್ಚಿರುವುದರಿಂದ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ಪದಾರ್ಥವೆಂದು ವಿಮಾನಯಾನದ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ಕೊಬ್ಬರಿಯ ಹೆಸರಿದೆ. ಎಕ್ಸ್‌ರೇಯಲ್ಲಿ ಇಂಥದ್ದು ಕಂಡರೆ ಬ್ಯಾಗನ್ನು ಪಕ್ಕಕ್ಕೆ ಎಳೆದು ನಿಮ್ಮನ್ನು ಕರೆಯುತ್ತಾರೆ. ಆ ಕರೆ ನಿಮ್ಮ ಕಿವಿಗೆ ಬೀಳದಿದ್ದರೆ ನೀವು ಮುಂದೆ, ಬ್ಯಾಗು ಹಿಂದೆ. ಹಸಿ ಕರಿಬೇವನ್ನೂ ತರಬೇಡಿ. ಕಿತ್ತಳೆ, ನಿಂಬೆ ಜಾತಿಯ ಬೆಳೆಗಳಿಗೆ ರೋಗ ತಗಲುತ್ತದೆಂದು ಅಮೆರಿಕ ಅದನ್ನು ಒಳಗೆ ಬಿಡುವುದಿಲ್ಲ. ಕೊಲ್ಲಿಯಲ್ಲಿರುವ ಮಕ್ಕಳ ಮನೆಗೆ ಹೊರಟವರಾದರೆ ಗಸಗಸೆಯನ್ನು ಮರೆತುಬಿಡಿ. ಪಾಯಸಕ್ಕೆಂದು ಒಯ್ದ ಗಸಗಸೆ ಯುಎಇಯಲ್ಲಿ ಮಾದಕವಸ್ತು ಕಾನೂನಿನಡಿ ಬರುತ್ತದೆ.

ಬ್ಯಾಗಿನ ಹೊರಗಷ್ಟೇ ಅಲ್ಲ, ಒಳಗೂ ಒಂದು ಹಾಳೆ ಇಡಿ. ಅದರ ಮೇಲೆ ನಿಮ್ಮ ಹೆಸರು, ಮಕ್ಕಳ ಮನೆಯ ವಿಳಾಸ, ಫೋನ್ ನಂಬರು ದೊಡ್ಡ ಇಂಗ್ಲಿಷ್ ಅಕ್ಷರಗಳಲ್ಲಿ ಇರಲಿ. ಹಿಂದಿನ ಪ್ರಯಾಣದ ಹಳೆಯ ಟ್ಯಾಗುಗಳನ್ನೂ ಚಿಕ್ಕ ಸ್ಟಿಕ್ಕರುಗಳನ್ನೂ ಕಿತ್ತುಹಾಕಿ, ಯಂತ್ರ ತಪ್ಪಾಗಿ ಹಳೆಯದನ್ನು ಓದಿಬಿಡುತ್ತದೆ. ಮುಚ್ಚುವ ಮೊದಲು ತೆರೆದ ಬ್ಯಾಗಿನದೊಂದು, ಮುಚ್ಚಿದ ಮೇಲೆ ಹೊರಗಿನದೊಂದು ಫೋಟೊ ಮೊಮ್ಮಕ್ಕಳ ಕೈಲಾದರೂ ತೆಗೆಸಿ. ಬ್ಯಾಗು ಎಲ್ಲಿದೆ ಎಂದು ಫೋನಿನಲ್ಲಿ ತೋರಿಸುವ ಏರ್‌ಟ್ಯಾಗ್‌ನಂಥ ಪುಟ್ಟ ಬಿಲ್ಲೆಗಳು ಈಗ ಸಿಗುತ್ತವೆ. ಮಕ್ಕಳು ತಮ್ಮ ಫೋನಿಗೆ ಜೋಡಿಸಿ ಕೊಟ್ಟರೆ ಒಳಗೆ ಹಾಕಿಡಿ.

ಇನ್ನು ಚೆಕ್‌ಇನ್ ಕೌಂಟರು. ಬ್ಯಾಗಿಗೆ ಉದ್ದನೆಯ ಟ್ಯಾಗು ಸುತ್ತಿದ ಮೇಲೆ ಅದರ ಒಂದು ತುಂಡನ್ನು ನಿಮ್ಮ ಬೋರ್ಡಿಂಗ್ ಪಾಸಿನ ಹಿಂದೆಯೋ ಪಾಸ್‌ಪೋರ್ಟಿನ ಹಿಂದೆಯೋ ಅಂಟಿಸಿ ಕೊಡುತ್ತಾರೆ. ಅದರಲ್ಲಿ ಹತ್ತು ಅಂಕಿಗಳ ಸಂಖ್ಯೆ ಇರುತ್ತದೆ, ದೊಡ್ಡದಾಗಿ ಮೂರು ಅಕ್ಷರಗಳೂ ಇರುತ್ತವೆ. ಸಂಖ್ಯೆ ನಿಮ್ಮ ಬ್ಯಾಗಿನದು, ಅಕ್ಷರಗಳು ಅದು ಮುಟ್ಟಬೇಕಾದ ಊರಿನವು. ಕೌಂಟರ್ ಬಿಡುವ ಮೊದಲೇ ಆ ಮೂರು ಅಕ್ಷರಗಳನ್ನು ನಿಮ್ಮ ಟಿಕೆಟಿನ ಕೊನೆಯ ಊರಿಗೆ ಹೋಲಿಸಿ ನೋಡಿ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಎಂದರೆ ಎಸ್‌ಜೆಸಿ, ಕೋಸ್ಟರಿಕದ ಸ್ಯಾನ್ ಹೋಸೆ ಎಂದರೆ ಎಸ್‌ಜೆಒ. ಒಂದು ಅಕ್ಷರ ತಪ್ಪಿದರೆ ಬ್ಯಾಗು ಬೇರೆ ದೇಶಕ್ಕೇ ಹೋಗುತ್ತದೆ. ಎಷ್ಟು ಬ್ಯಾಗು ಕೊಟ್ಟಿರೋ ಅಷ್ಟು ಚೀಟಿ ಇದೆಯೇ ಎಂದು ಎಣಿಸಿಕೊಳ್ಳಿ, ಆ ಚೀಟಿಗಳ ಫೋಟೊ ತೆಗೆದು ಮಕ್ಕಳಿಗೆ ಕಳಿಸಿ.

ಹಿರಿಯರು ಅತಿ ಹೆಚ್ಚು ಗೊಂದಲಕ್ಕೆ ಬೀಳುವ ಜಾಗ ಇನ್ನೊಂದಿದೆ. ಅಮೆರಿಕದಲ್ಲಿ ನೀವು ಮೊದಲು ಇಳಿಯುವ ನಿಲ್ದಾಣದಲ್ಲೇ ಸಾಮಾನ್ಯವಾಗಿ ನಿಮ್ಮ ಬ್ಯಾಗನ್ನು ನೀವೇ ಎತ್ತಿಕೊಳ್ಳಬೇಕು. ಷಿಕಾಗೊದಲ್ಲಿ ಇಳಿದು ಸೇಂಟ್ ಲೂಯಿಗೆ ಹೋಗುವವರ ಟ್ಯಾಗಿನ ಮೇಲೆ ಸೇಂಟ್ ಲೂಯಿ ಎಂದೇ ಇರುತ್ತದೆ. ಬೆಂಗಳೂರಿನ ಕೌಂಟರಿನಲ್ಲೂ "ಬ್ಯಾಗು ನೇರವಾಗಿ ಕೊನೆಯ ಊರಿಗೆ ಬರುತ್ತದೆ" ಎಂದೇ ಹೇಳಿರುತ್ತಾರೆ. ಆದರೂ ಷಿಕಾಗೊದಲ್ಲಿ ಇಮಿಗ್ರೇಷನ್ ಮುಗಿದ ಮೇಲೆ ಬೆಲ್ಟಿನಿಂದ ಬ್ಯಾಗು ತೆಗೆದುಕೊಂಡು, ಕಸ್ಟಮ್ಸ್ ದಾಟಿ, ಹೊರಗಿರುವ ಇನ್ನೊಂದು ಬೆಲ್ಟಿಗೆ ಮತ್ತೆ ಒಪ್ಪಿಸಬೇಕು. ಅಬುಧಾಬಿಯಂಥ ಕೆಲವು ಕಡೆ ಅಮೆರಿಕದ ಇಮಿಗ್ರೇಷನ್ ಮತ್ತು ಕಸ್ಟಮ್ಸ್ ಅಲ್ಲೇ ಮುಗಿಯುತ್ತದೆ, ಅಂಥ ದಾರಿಯಲ್ಲಿ ಬರುವವರಿಗೆ ಈ ಕೆಲಸವಿಲ್ಲ. ಉಳಿದವರು ಇದನ್ನು ಮರೆತರೆ ನೀವು ಸೇಂಟ್ ಲೂಯಿಯಲ್ಲಿ, ಬ್ಯಾಗು ಷಿಕಾಗೊದ ನೆಲದ ಮೇಲೆ. ಹೊರಡುವ ಮೊದಲು ಮಕ್ಕಳನ್ನು ಒಂದೇ ಪ್ರಶ್ನೆ ಕೇಳಿ, "ನಾನು ಬ್ಯಾಗು ಎತ್ತಿಕೊಳ್ಳಬೇಕಾದ್ದು ಯಾವ ಊರಿನಲ್ಲಿ?" ಉತ್ತರವನ್ನು ಕಾಗದದ ಮೇಲೆ ಬರೆಸಿಕೊಂಡು ಪಾಸ್‌ಪೋರ್ಟಿನ ಜೊತೆ ಇಟ್ಟುಕೊಳ್ಳಿ. ಹಿಂದಿರುಗುವಾಗ ದೆಹಲಿ, ಮುಂಬೈ ಮೇಲಿಂದ ಬರುವವರಿಗೂ ಸಾಮಾನ್ಯವಾಗಿ ಇದೇ ನಿಯಮ.

ಇಷ್ಟೆಲ್ಲ ಮಾಡಿಯೂ ಬ್ಯಾಗು ಬರಲಿಲ್ಲ ಎಂದುಕೊಳ್ಳಿ. ಆಗ ಏನು?

ನಿಲ್ದಾಣ ಬಿಟ್ಟು ಕದಲಬೇಡಿ. ಬೆಲ್ಟಿನ ಹತ್ತಿರದಲ್ಲೇ ಬ್ಯಾಗೇಜ್ ಸರ್ವಿಸ್ ಎಂಬ ಕೌಂಟರ್ ಇರುತ್ತದೆ. ನಿಮ್ಮನ್ನು ಕೊನೆಯ ಊರಿಗೆ ತಂದ ವಿಮಾನ ಸಂಸ್ಥೆಯ ಕೌಂಟರಿಗೆ ಹೋಗಿ ಚೀಟಿ ತೋರಿಸಿ. ಅವರು ತುಂಬಿಸಿಕೊಳ್ಳುವ ಫಾರ್ಮಿಗೆ ಪಿಐಆರ್ ಎನ್ನುತ್ತಾರೆ. ಅದನ್ನು ಬರೆಸಿ, ಒಂದು ಪ್ರತಿ ಕೈಗೆ ತೆಗೆದುಕೊಂಡೇ ಹೊರಗೆ ಬನ್ನಿ. ಅದರ ಮೇಲೆ ಐದು ಅಕ್ಷರ, ಐದು ಅಂಕಿಗಳ ಒಂದು ಗುರುತು ಇರುತ್ತದೆ. ಮೊದಲ ಮೂರು ಅಕ್ಷರ ನಿಲ್ದಾಣದ್ದು, ಮುಂದಿನ ಎರಡು ವಿಮಾನ ಸಂಸ್ಥೆಯದು, ಉಳಿದದ್ದು ನಿಮ್ಮ ದೂರಿನ ಸಂಖ್ಯೆ. ಜಗತ್ತಿನ ಬಹುತೇಕ ವಿಮಾನ ಸಂಸ್ಥೆಗಳು ಕಳೆದ ಬ್ಯಾಗು ಹುಡುಕಲು ಬಳಸುವ ವರ್ಲ್ಡ್‌ಟ್ರೇಸರ್ ವ್ಯವಸ್ಥೆಯಲ್ಲಿ ನಿಮ್ಮ ಬ್ಯಾಗು ಸೇರುವುದು ಈ ಗುರುತಿನಿಂದ. ಅಲ್ಲೇ ಇನ್ನೊಂದು ಪ್ರಶ್ನೆ ಕೇಳಿ, "ಬ್ಯಾಗು ಕೊನೆಗೆ ಸ್ಕ್ಯಾನ್ ಆದದ್ದು ಎಲ್ಲಿ?" ಪ್ರಯಾಣಿಕರಿಂದ ಪಡೆದಾಗ, ವಿಮಾನಕ್ಕೆ ಏರಿಸಿದಾಗ, ಇನ್ನೊಂದು ವಿಮಾನಕ್ಕೆ ದಾಟಿಸುವ ಜಾಗದಲ್ಲಿ, ಮರಳಿ ಒಪ್ಪಿಸುವಾಗ, ಹೀಗೆ ನಾಲ್ಕು ಹಂತಗಳಲ್ಲಿ ಬ್ಯಾಗಿನ ಜಾಡು ಇಡಬೇಕೆಂದು ವಿಮಾನ ಸಂಸ್ಥೆಗಳ ಅಂತರರಾಷ್ಟ್ರೀಯ ಒಕ್ಕೂಟ ಐಎಟಿಎ 2018ರ ಜೂನ್‌ನಿಂದ ತನ್ನ ಸದಸ್ಯ ಸಂಸ್ಥೆಗಳಿಗೆ ವಿಧಿಸಿದೆ. ಈ ಪ್ರಶ್ನೆ ಕೇಳುವುದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ.

ಇಂಥ ಒಂದು ಕೌಂಟರಿನ ಮುಂದೆ ನಡೆದದ್ದನ್ನು ಹೇಳುತ್ತೇನೆ. ಹಾವೇರಿ ಕಡೆಯ ದಂಪತಿ, ಮಗಳ ಬಾಣಂತನಕ್ಕೆ ಬಂದವರು. ಎರಡು ಬ್ಯಾಗುಗಳಲ್ಲಿ ಒಂದು ಬರಲಿಲ್ಲ. ಬಾರದಿದ್ದ ಬ್ಯಾಗಿನಲ್ಲಿ ಅಂಟಿನುಂಡೆ, ಅಳ್ವಿ ಕಾಳು, ಬಜೆ ಬೇರು, ಮಗುವಿಗೆ ಕುಂಚಿಗೆ, ಜೊತೆಗೆ ಮನೆಯ ಹೆಂಗಸರು ಸೇರಿ ಹಳೆಯ ನೂಲಿನ ಸೀರೆಗಳನ್ನು ಪದರ ಪದರವಾಗಿ ಹೊಲಿದ ಒಂದು ಪುಟ್ಟ ಕೌದಿ. ಯಜಮಾನರು ಮೊದಲು ಅಂದದ್ದು, "ಹೋಗ್ಲಿ ಬಿಡವಾ, ನಾವರ ಸುಖವಾಗಿ ಬಂದ್ವಲ್ಲ, ಅಷ್ಟ ಸಾಕು." ಕೌಂಟರಿನವರು ಬ್ಯಾಗಿನಲ್ಲಿ ಏನಿತ್ತು ಎಂದು ಕೇಳಿದಾಗ ಆ ತಾಯಿ "ತಿನ್ನೂ ಸಾಮಾನು" ಎಂದು ಸುಮ್ಮನಾದರು. ಬೆಲೆಯ ಜಾಗ ಬಂದಾಗ, "ಮನ್ಯಾಗ ಮಾಡಿದ್ದಕ್ಕ ರೊಕ್ಕ ಎಷ್ಟಂತ ಹೇಳ್ಲಿ?" ಎಂದು ನನ್ನ ಮುಖ ನೋಡಿದರು.

ನಾವು ಅಲ್ಲೇ ಕುಳಿತು ಒಂದೊಂದನ್ನೇ ಬರೆಸಿದೆವು. ಕೌದಿಯ ಬಣ್ಣ ಯಾವುದು, ಅಂಚು ಯಾವುದು, ಎಷ್ಟು ಅಗಲ ಎಂದು ಕೇಳಿದಾಗ ಆ ತಾಯಿಯ ಬಾಯಿ ತಾನಾಗಿ ತೆರೆಯಿತು. ಹಸಿರು ನೆಲದ ಮೇಲೆ ಕೆಂಪು ಅಂಚು, ನಡುವೆ ಹಳದಿ ಚೌಕ, ದಪ್ಪ ಬಿಳಿ ದಾರದ ಹೊಲಿಗೆ. ಆ ವಿವರವೇ ಕೊನೆಗೆ ಕೆಲಸಕ್ಕೆ ಬಂತು. ಬ್ಯಾಗಿನ ಟ್ಯಾಗು ನಡುವಿನ ನಿಲ್ದಾಣದಲ್ಲಿ ಹರಿದುಹೋಗಿತ್ತು. ಒಂದೇ ಬಣ್ಣದ, ಒಂದೇ ಆಕಾರದ ಹತ್ತಾರು ಸೂಟ್‌ಕೇಸುಗಳ ನಡುವೆ ಅವರದನ್ನು ಗುರುತಿಸಲು ಸಿಕ್ಕ ಸುಳಿವು ಒಳಗಿದ್ದ ಕೌದಿ. ಹಾಗಾಗಿ "ಬಟ್ಟೆ, ತಿಂಡಿ" ಎಂದು ಬರೆಸಬೇಡಿ. ನಿಮ್ಮ ಬ್ಯಾಗಿನಲ್ಲಿ ಮಾತ್ರ ಇರಬಹುದಾದದ್ದು ಯಾವುದೋ ಅದನ್ನು ಬರೆಸಿ. ಇಂಗ್ಲಿಷ್ ಬಾರದಿದ್ದರೆ ಮಗಳಿಗೋ ಮಗನಿಗೋ ಫೋನ್ ಮಾಡಿ ಕೌಂಟರಿನವರ ಕೈಗೆ ಕೊಡಿ. ಹಿಂದೆ ಸಾಲು ಬೆಳೆಯುತ್ತಿದೆ ಎಂಬ ದಾಕ್ಷಿಣ್ಯಕ್ಕೆ ಅರ್ಧಕ್ಕೇ ಎದ್ದು ಬರಬೇಡಿ.

ಕಾನೂನು ಏನು ಹೇಳುತ್ತದೆ ಎಂಬುದನ್ನೂ ತಿಳಿದಿರಿ. ಮೊದಲು 1929ರ ವಾರ್ಸಾ ಒಪ್ಪಂದವಿತ್ತು. ಅದರಡಿ ಕಳೆದ ಬ್ಯಾಗಿಗೆ ಕಿಲೋ ಲೆಕ್ಕದಲ್ಲಿ ಪರಿಹಾರ, ರೇಷ್ಮೆ ಸೀರೆಗೂ ಹಳೆಯ ಚಾದರಕ್ಕೂ ಒಂದೇ ತೂಕದ ದರ. 1999ರ ಮಾಂಟ್ರಿಯಲ್ ಒಪ್ಪಂದ ಆ ಲೆಕ್ಕವನ್ನು ಬದಲಿಸಿತು, ಪ್ರತಿ ಪ್ರಯಾಣಿಕರಿಗೆ ಇಷ್ಟು ಎಂಬ ಮಿತಿ ತಂದಿತು. ಭಾರತ 2009ರಲ್ಲಿ ಇದಕ್ಕೆ ಸೇರಿತು, ಅಮೆರಿಕವೂ ಐರೋಪ್ಯ ದೇಶಗಳೂ ಇದರೊಳಗಿವೆ. 2024ರ ಡಿಸೆಂಬರ್ 28ರಿಂದ ಒಪ್ಪಂದದ ಮಿತಿ ಪ್ರತಿ ಪ್ರಯಾಣಿಕರಿಗೆ 1,519 ಎಸ್‌ಡಿಆರ್. ಎಸ್‌ಡಿಆರ್ ಎಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ನಾಣ್ಯ. ರೂಪಾಯಿಯಲ್ಲಿ ಇದು ಒಂದೂಮುಕ್ಕಾಲು ಲಕ್ಷದ ಆಸುಪಾಸು. ಇದು ಗರಿಷ್ಠ ಮಿತಿ. ಸಿಗುವುದು ನೀವು ತೋರಿಸಿಕೊಟ್ಟ ನಷ್ಟದಷ್ಟು. ಮೈಸೂರು ರೇಷ್ಮೆ ಸೀರೆ ಇಟ್ಟಿದ್ದರೆ ಅದರ ಬಿಲ್ಲಿನ ಫೋಟೊ ಇರಲಿ. ಅಂಟಿನುಂಡೆಗೆ ಬಿದ್ದ ಶ್ರಮಕ್ಕೆ ಯಾವ ಒಪ್ಪಂದವೂ ಬೆಲೆ ಕಟ್ಟುವುದಿಲ್ಲ, ಅದರ ತುಪ್ಪ, ಬಾದಾಮಿ, ಅಂಟಿಗೆ ಬೆಲೆ ಕೇಳಬಹುದು. ಮಿತಿಗಿಂತ ಹೆಚ್ಚು ಬೆಲೆಯ ವಸ್ತು ಬ್ಯಾಗಿನಲ್ಲಿ ಒಯ್ಯಲೇಬೇಕಾದರೆ ಚೆಕ್‌ಇನ್ ಸಮಯದಲ್ಲೇ ಅದನ್ನು ಘೋಷಿಸಿ, ಹೆಚ್ಚಿನ ಶುಲ್ಕ ಕಟ್ಟುವ ದಾರಿಯೂ ಒಪ್ಪಂದದಲ್ಲಿದೆ.

ಗಡುವುಗಳನ್ನು ಕ್ಯಾಲೆಂಡರಿನ ಮೇಲೆ ಗುರುತು ಹಾಕಿಡಿ. ಬ್ಯಾಗು ಒಡೆದೋ ಹರಿದೋ ಕೈಸೇರಿದರೆ 7 ದಿನದೊಳಗೆ ಲಿಖಿತ ದೂರು ಕೊಡಬೇಕು. ತಡವಾಗಿ ಬಂದರೆ, ಕೈಸೇರಿದ ದಿನದಿಂದ 21 ದಿನದೊಳಗೆ. ಬರಬೇಕಾದ ದಿನದಿಂದ 21 ದಿನ ಕಳೆದರೂ ಬಾರದಿದ್ದರೆ ಬ್ಯಾಗು ಕಳೆದಂತೆಯೇ ಲೆಕ್ಕ, ಆಗ ಪೂರ್ತಿ ಪರಿಹಾರ ಕೇಳಬಹುದು. ನ್ಯಾಯಾಲಯಕ್ಕೆ ಹೋಗಲು 2 ವರ್ಷ. ಇಲ್ಲಿ ಬಹಳ ಜನ ಎಡವುವುದು ಒಂದು ಕಡೆ. ನಿಲ್ದಾಣದಲ್ಲಿ ಬರೆಸಿದ ಪಿಐಆರ್ ಬ್ಯಾಗು ಬರಲಿಲ್ಲವೆಂಬ ದಾಖಲೆ ಮಾತ್ರ. ಪರಿಹಾರದ ಬೇಡಿಕೆಯನ್ನು ಬೇರೆಯಾಗಿ, ಇಮೇಲಿನಲ್ಲೋ ಸಂಸ್ಥೆಯ ಫಾರ್ಮಿನಲ್ಲೋ ಬರೆದು ಕಳಿಸಬೇಕು. ಪಿಐಆರ್ ಇದೆಯಲ್ಲ ಎಂದು ಸುಮ್ಮನಿದ್ದವರ ಗಡುವು ಮುಗಿದುಹೋಗುತ್ತದೆ.

ಬ್ಯಾಗಿಗಾಗಿ ಕಾಯುವ ದಿನಗಳಲ್ಲಿ ಒಳಉಡುಪು, ಒಂದೆರಡು ಜೊತೆ ಬಟ್ಟೆ, ಚಳಿಗೆ ಕೋಟು, ಬ್ರಷ್ಷು, ಸೋಪು ಕೊಳ್ಳಲೇಬೇಕಾಗುತ್ತದೆ. "ಮಗಳ ದುಡ್ಡು ಯಾಕೆ ಖರ್ಚು ಮಾಡಿಸಲಿ" ಎಂದು ಉಟ್ಟ ಸೀರೆಯನ್ನೇ ರಾತ್ರಿ ಒಗೆದು ಬೆಳಗ್ಗೆ ಉಡಬೇಡಿ. ಅಗತ್ಯಕ್ಕೆ ತಕ್ಕ ಖರ್ಚನ್ನು ವಿಮಾನ ಸಂಸ್ಥೆಯಿಂದ ಕೇಳಬಹುದು. ದಿನಕ್ಕೆ ಇಷ್ಟೇ ಎಂದು ತಮಗೆ ತೋಚಿದ ಮಿತಿ ಹಾಕುವಂತಿಲ್ಲ ಎಂಬುದು ಅಮೆರಿಕದ ಸಾರಿಗೆ ಇಲಾಖೆಯ ನಿಲುವು. ಪ್ರತಿಯೊಂದು ರಸೀದಿಯನ್ನೂ ತೆಗೆದಿಡಿ. ಬ್ಯಾಗಿಗೆಂದು ಬೇರೆ ಶುಲ್ಕ ಕಟ್ಟಿದ್ದರೆ, ಒಳನಾಡಿನ ಪ್ರಯಾಣದಲ್ಲಿ 12 ಗಂಟೆ, ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಹಾರಾಟದ ಅವಧಿಗೆ ತಕ್ಕಂತೆ 15 ಅಥವಾ 30 ಗಂಟೆಯೊಳಗೆ ಬ್ಯಾಗು ತಲುಪದಿದ್ದಲ್ಲಿ ಆ ಶುಲ್ಕ ಮರಳಿಸಬೇಕೆಂದು ಅಮೆರಿಕ 2024ರಲ್ಲಿ ನಿಯಮ ಮಾಡಿದೆ. ಪಿಐಆರ್ ಬರೆಸಿದವರಿಗೆ ಮಾತ್ರ ಇದೂ ಅನ್ವಯ.

ಸಂಸ್ಥೆಗಳು ಒಬ್ಬರ ಮೇಲೊಬ್ಬರು ಹಾಕುವುದು ಮಾಮೂಲು. ಬೆಂಗಳೂರಿನಿಂದ ತಂದವರು ಅಮೆರಿಕದವರನ್ನು ಕೇಳಿ ಎನ್ನುತ್ತಾರೆ, ಅಮೆರಿಕದವರು ಬ್ಯಾಗು ನಮ್ಮ ಕೈಗೇ ಬಂದಿಲ್ಲ ಎನ್ನುತ್ತಾರೆ. ಈ ಆಟಕ್ಕೆ ನೀವು ಚೆಂಡಾಗಬೇಡಿ. ಒಂದೇ ಪ್ರಯಾಣವಾಗಿ ಕೊಂಡ ಟಿಕೆಟ್ಟಿನಲ್ಲಿ ಮೊದಲ ವಿಮಾನ ಸಂಸ್ಥೆ, ಕೊನೆಯ ವಿಮಾನ ಸಂಸ್ಥೆ, ತೊಂದರೆಯಾದ ಹಂತದ ವಿಮಾನ ಸಂಸ್ಥೆ, ಈ ಮೂರರಲ್ಲಿ ಯಾರ ಮೇಲಾದರೂ ದಾವೆ ಹೂಡುವ ಹಕ್ಕನ್ನು ಮಾಂಟ್ರಿಯಲ್ ಒಪ್ಪಂದದ 36ನೇ ವಿಧಿ ಪ್ರಯಾಣಿಕರಿಗೆ ಕೊಟ್ಟಿದೆ. ತಮ್ಮೊಳಗೆ ಯಾರು ಎಷ್ಟು ಕೊಡಬೇಕೆಂಬುದು ಅವರ ತಲೆನೋವು.

ಉತ್ತರ ಬಾರದಿದ್ದರೆ ಭಾರತದಲ್ಲಿ ದಾರಿಗಳಿವೆ. ನಾಗರಿಕ ವಿಮಾನಯಾನ ಸಚಿವಾಲಯದ ಏರ್‌ಸೇವಾದಲ್ಲಿ ದೂರು ಹಾಕಬಹುದು. ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ದಾಖಲಿಸಬಹುದು. ಸೇವೆಗೆ ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ, ವಕೀಲರು ಇರಲೇಬೇಕೆಂದೂ ಇಲ್ಲ. ಬೆಂಗಳೂರಿನಿಂದ ಹೋಗಿಬರುವ ಟಿಕೆಟ್ ತೆಗೆದವರ ಪ್ರಯಾಣದ ಕೊನೆಯ ತಾಣ ಬೆಂಗಳೂರೇ ಎಂದು ನ್ಯಾಯಾಲಯಗಳು ಸಾಮಾನ್ಯವಾಗಿ ಪರಿಗಣಿಸುತ್ತವೆ. ಹಾಗಾಗಿ ವಿದೇಶಿ ಕಂಪನಿಯ ಮೇಲೆ ನಮ್ಮೂರಲ್ಲಿ ಏನು ಮಾಡಲಾದೀತು ಎಂದು ಕೈಚೆಲ್ಲಬೇಡಿ.

ವಾರಸುದಾರರು ಗೊತ್ತಾಗದ ಬ್ಯಾಗುಗಳು ಏನಾಗುತ್ತವೆ ಎಂದು ಕೆಲವರು ನನ್ನನ್ನು ಕೇಳಿದ್ದಾರೆ. ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಸ್ಕಾಟ್ಸ್‌ಬೊರೊ ಎಂಬ ಪುಟ್ಟ ಊರಿದೆ. ಸುಮಾರು ಮೂರು ತಿಂಗಳು ಹುಡುಕಿಯೂ ಯಾರದೆಂದು ತಿಳಿಯದ ಬ್ಯಾಗುಗಳನ್ನು ವಿಮಾನ ಸಂಸ್ಥೆಗಳು ಅಲ್ಲಿನ ಒಂದು ಅಂಗಡಿಗೆ ಮಾರುತ್ತವೆ. 1970ರಲ್ಲಿ ಶುರುವಾದ ಆ ಅಂಗಡಿ ಈಗ ಒಂದು ಬೀದಿಯಷ್ಟು ದೊಡ್ಡದಾಗಿದೆ. ಯಾರದೋ ಮದುವೆಯ ಉಡುಪು, ಯಾರದೋ ಮಗುವಿನ ಕೋಟು ಅಲ್ಲಿ ಬೆಲೆಚೀಟಿ ಹೊತ್ತು ನೇತಾಡುತ್ತವೆ. ಬ್ಯಾಗಿನೊಳಗೆ ವಿಳಾಸದ ಹಾಳೆ ಇಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಕೊನೆಯದಾಗಿ, ಈ ಪತ್ರ ಓದುತ್ತಿರುವ ಮಕ್ಕಳಿಗೂ ಒಂದು ಮಾತು. ಅಪ್ಪ-ಅಮ್ಮ ಬರಿಗೈಯಲ್ಲಿ ಹೊರಗೆ ಬಂದಾಗ "ಅಯ್ಯೋ ಬಿಡಮ್ಮಾ, ಇಲ್ಲಿ ಎಲ್ಲ ಸಿಗುತ್ತೆ" ಎಂದು ಹೇಳಿ ಕಾರು ಹತ್ತಿಸಬೇಡಿ. ಇಲ್ಲಿ ಎಲ್ಲ ಸಿಗುತ್ತದೆ ಎಂಬುದು ಅವರಿಗೂ ಗೊತ್ತು. ಗೊತ್ತಿದ್ದೂ ತಿಂಗಳುಗಟ್ಟಲೆ ಕೂತು ಮಾಡಿ ತಂದಿದ್ದಾರೆ. ಅವರನ್ನು ಒಂದು ಕಡೆ ಕೂರಿಸಿ, ನೀರು ಕೊಟ್ಟು, ನೀವು ಕೌಂಟರಿಗೆ ಹೋಗಿ. ನೀವು ಬೇರೆ ಊರಿನಲ್ಲಿದ್ದರೆ ಫೋನಿನಲ್ಲೇ ಜೊತೆಗಿರಿ. ಫಾರ್ಮು ತುಂಬಿ, ದಿನವೂ ವಿಚಾರಿಸಿ, ಗಡುವಿನೊಳಗೆ ಪತ್ರ ಬರೆಯಿರಿ.

ಅಪ್ಪ-ಅಮ್ಮಂದಿರೆ, ಧೈರ್ಯವಾಗಿ ಹೊರಡಿ. ಮೊಮ್ಮಗುವಿನ ಕುಂಚಿಗೆಯನ್ನೂ ಉಪ್ಪಿನಕಾಯಿಯನ್ನೂ ತಪ್ಪದೆ ತನ್ನಿ. ಚೀಟಿ ಜೋಪಾನ ಮಾಡಿ, ಒಳಗೊಂದು ವಿಳಾಸ ಇಡಿ, ಮಾತ್ರೆ ಕೈಯಲ್ಲಿಟ್ಟುಕೊಳ್ಳಿ. ಬ್ಯಾಗು ಬಾರದಿದ್ದರೆ ಪಿಐಆರ್ ಪ್ರತಿ ಕೈಗೆ ಬರುವ ತನಕ ಆ ಕೌಂಟರ್ ಬಿಟ್ಟು ಏಳಬೇಡಿ.

ಇತಿ,
ನಿಮ್ಮ ಮಗಳಂಥವಳು,
ಅಮೆರಿಕದಲ್ಲಿರುವ ಒಬ್ಬ ಕನ್ನಡತಿ